ಬಿ ಫಾರಂ ಬಂದ ದಿನ

2023ರ ಏಪ್ರಿಲ್ 20, ಗುರುವಾರ. ವಿಧಾನಸಭೆಗೆ ನಾಮಪತ್ರ ಹಾಕಲು ಕಡೆಯ ದಿನ. ಬೆಳಿಗ್ಗೆ ಅಮಾವಾಸ್ಯೆ, ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ಚುನಾವಣಾಧಿಕಾರಿ ಕಾಗದ ತೆಗೆದುಕೊಳ್ಳುವುದು 11ರಿಂದ 3ರ ತನಕ ಮಾತ್ರ. ಅಡಿಕೆ ಮಂಡಿಯಿಂದ ಪುರಸಭೆಗೆ ಹೋಗಿ, ಈಗ ವಿಧಾನಸೌಧಕ್ಕೆ ಹೊರಟಿದ್ದ ಸಾಹುಕಾರರು ಇದನ್ನೆಲ್ಲ ಲೆಕ್ಕ ಹಾಕಿ ಸೋಮವಾರವೇ ನಾಮಪತ್ರದ ಒಂದು ಸೆಟ್ ಕೊಟ್ಟಿದ್ದರು. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ ಮಾತ್ರ ಬಂದಿರಲಿಲ್ಲ.

ಅದು ಹಿಂದಿನಿಂದ ಬಂದರೂ ನಡೆಯುತ್ತದೆ, ಕಡೆಯ ದಿನ 3 ಗಂಟೆಯೊಳಗೆ ಸೇರಬೇಕು ಅಷ್ಟೆ. ಸಹಿ ಶಾಯಿಯದ್ದೇ ಆಗಬೇಕು. ಜೆರಾಕ್ಸ್, ರಬ್ಬರ್ ಸಹಿ ನಡೆಯುವುದಿಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಸೂಚಕರು, ಅಂದರೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಒಬ್ಬರಿದ್ದರೆ ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ಫಾರಂ ಕೊನೇ ಗಳಿಗೆಯಲ್ಲಿ ಬೇರೆಯವರ ಪಾಲಾದರೆ ಒಂದು ಸಹಿಯ ನಾಮಪತ್ರ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ. ಅದಕ್ಕೇ ಎರಡನೇ ಸೆಟ್ಟಿಗೆ 10 ಜನರ ಸಹಿ. ನಾಲ್ಕು ಸೆಟ್ಟಿನವರೆಗೆ ಹಾಕಬಹುದು, 10,000 ರೂಪಾಯಿ ಠೇವಣಿ ಒಂದೇ ಸಲ. ಸೂಚಕರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಮಂಡಿಯ ಹಮಾಲರಲ್ಲಿ ಇಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿತ್ತು, ಬೇರೆಯವರನ್ನು ಹುಡುಕಬೇಕಾಯಿತು.

ವ್ಯಾಪಾರಸ್ಥರು ನಿಜವಾಗಿ ಬೆವರುವುದು ನಾಮಪತ್ರದ ಜೊತೆ ಆಸ್ತಿ, ಸಾಲ ಘೋಷಿಸುವ 26ನೇ ನಮೂನೆಯ ಅಫಿಡವಿಟ್ಟಿನ ಮುಂದೆ. ಮಂಡಿಯಲ್ಲಿ ಮನೆ, ಅಂಗಡಿ, ತೋಟ ಎಲ್ಲವೂ ಒಂದೇ ಗಂಟು. ಇಲ್ಲಿ ತನ್ನದು, ಹೆಂಡತಿಯದು, ಅವಿಭಕ್ತ ಕುಟುಂಬದ್ದು, ಅವಲಂಬಿತರದ್ದು ಬೇರೆ ಬೇರೆ ಕಾಲಂ. ಐದು ವರ್ಷದ ಆದಾಯ, ಬಂಗಾರದ ತೂಕ ಸಮೇತ. ಬೆಳೆಗಾರರಿಗೆ ಕೊಟ್ಟ ಮುಂಗಡ ಆಸ್ತಿಯ ಕಡೆ. ಅಡಿಕೆ ಮಾರಿ ಅವರು ನಂಬಿಕೆಯ ಮೇಲೆ ಮಂಡಿಯಲ್ಲೇ ಬಿಟ್ಟ ದುಡ್ಡು? ಅದು ಸಾಲದ ಕಡೆ ಎಂದಾಗ ಸಾಹುಕಾರರ ಹುಬ್ಬು ಗಂಟಿಕ್ಕಿತು. ಮೂವತ್ತು ವರ್ಷ ಅದನ್ನು ಅವರು ಸಾಲವೆಂದು ಕರೆದವರೇ ಅಲ್ಲ. ಕಾಲಂ ಖಾಲಿ ಬಿಡುವಂತಿಲ್ಲ, ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಬೇಕು. ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅವರ ಹೆಸರಲ್ಲಿ ಸರ್ಕಾರಿ ರಸ್ತೆಯ ಗುತ್ತಿಗೆಯೂ ಒಂದಿತ್ತು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 9ಎ ಪ್ರಕಾರ ಕೆಲಸ ಬಾಕಿಯಿದ್ದರೆ ಅನರ್ಹತೆ. ಕೆಲಸ ಪೂರ್ತಿ ಮುಗಿದು ಬಿಲ್ ಬರುವುದಷ್ಟೇ ಬಾಕಿಯಿದ್ದರೆ ಅಡ್ಡಿಯಿಲ್ಲ. ಕೆಲಸ ಮುಗಿದ ಪತ್ರ ಜೇಬಿನಲ್ಲೇ ಇತ್ತು.

ಬಿ ಫಾರಂ ಹೊತ್ತ ಕಾರು ಬಂದಾಗ 1 ಗಂಟೆ 10 ನಿಮಿಷ. ಕಚೇರಿಯ 100 ಮೀಟರ್ ಒಳಗೆ ಮೂರೇ ವಾಹನ, ಕೊಠಡಿಗೆ ಅಭ್ಯರ್ಥಿ ಸೇರಿ ಐದೇ ಜನ. ರಾಹುಕಾಲಕ್ಕೆ ಹತ್ತು ನಿಮಿಷ ಇರುವಾಗ ಕಾಗದ ಮೇಜಿನ ಮೇಲಿತ್ತು.

ಹೊರಗೆ ಶಾಮಿಯಾನದವನು ಕಾದಿದ್ದ. ‘ಚೆಕ್ಕೆಲ್ಲ ಬೇಡ ಸಾಹುಕಾರ್ರೇ, ದುಡ್ಡೇ ಕೊಡಿ’ ಅಂದ. ಬಿಲ್ಲು 18,000. ಖರ್ಚಿನ ಮಿತಿ 40 ಲಕ್ಷವಿದ್ದರೂ ಒಬ್ಬರಿಗೆ 10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಖರ್ಚಿನ ರಿಜಿಸ್ಟರಿನಲ್ಲಿ ದಿನವಹಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಚುನಾವಣೆಗೆಂದೇ ತೆರೆದಿದ್ದ ಖಾತೆಯ ಚೆಕ್ ಪುಸ್ತಕ ಹೊರಬಂತು. ಶಾಮಿಯಾನದವನು ಗೊಣಗುತ್ತಲೇ ಚೆಕ್ ಮಡಚಿಕೊಂಡ. ಹಳದಿ ಹಾಳೆಯಲ್ಲಿ ಮೊದಲ ಪಾವತಿ ಅವನದೇ.