ಕರಿಬೆಳ್ಳಿ ಪಡೆಯ ಚರಿತ್ರೆ: ಎರಡನೇ ಅಧ್ಯಾಯದ ಕರಡು ಮುಗಿಯಿತು

ಕರಿಬೆಳ್ಳಿ ಪಡೆಯ ಎರಡನೇ ಅಧ್ಯಾಯದ ಕರಡು ಮುಗಿದಿದೆ, ಅದರಲ್ಲಿ ಬರುವ ಯಂತ್ರಗಳಿಗೆ ಬಣ್ಣವೂ ಆಗಿದೆ. ಹೊಸದಾಗಿ ಓದುವವರಿಗೆ ಎರಡು ಮಾತು. ಇದು ನಾನೇ ಕಟ್ಟುತ್ತಿರುವ ಲೋಕ. ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರದ ಸುತ್ತ ಮನುಷ್ಯರು ನೆಲೆ ನಿಂತು ಬಹಳ ಕಾಲವಾಗಿದೆ. ನಡೆದಾಡುವ ಯುದ್ಧಯಂತ್ರಗಳನ್ನು ಇಟ್ಟುಕೊಂಡು, ಸಂಬಳ ಕೊಟ್ಟವರ ಪರ ಕಾದುವ ಬಾಡಿಗೆ ಪಡೆಯೊಂದರ ಮೂರು ತಲೆಮಾರಿನ ಕಥೆ. ಮೇಜಿನ ಮೇಲೆ ಆಡಲು ಹೆಬ್ಬೆರಳೆತ್ತರದ ಪ್ಲಾಸ್ಟಿಕ್ ಗೊಂಬೆಗಳು, ಓದಲು ಈ ಚರಿತ್ರೆ.

ಇಂಥ ಪಡೆಗಳ ಬಗ್ಗೆ ಬರೆಯುವವರು ಗೆದ್ದ ಕದನಗಳನ್ನು ಸಾಲಾಗಿ ಹೇಳಿ ಮುಗಿಸುತ್ತಾರೆ. ನನಗೆ ಅಷ್ಟು ಸಾಲದು. ಬಾಡಿಗೆ ಪಡೆಯ ಜೀವ ಇರುವುದು ಅದರ ಲೆಕ್ಕದ ಪುಸ್ತಕದಲ್ಲಿ. ಯಂತ್ರ ಯಾರದು, ಸಂಬಳ ಯಾರು ಕೊಡುತ್ತಾರೆ, ಅದು ಕೈಗೆ ಸಿಗುವುದು ಯಾವಾಗ? ಈ ಮೂರು ಗೊತ್ತಾದರೆ ಯುದ್ಧದ ದಿನ ಯಾರು ಮುಂದೆ ಹೋಗುತ್ತಾರೆ, ಯಾರು ಹಿಂದೆ ಉಳಿಯುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ.

ಇದನ್ನು ನನಗೆ ಕಲಿಸಿದ್ದು ದಖ್ಖನಿನ ಕುದುರೆ ಸವಾರರು. ಶಿಲೇದಾರ ತನ್ನದೇ ಕುದುರೆ, ತನ್ನದೇ ಆಯುಧ ತಂದು ಚಾಕರಿಗೆ ಸೇರುತ್ತಿದ್ದ. ಸಂಬಳ ಹೆಚ್ಚು, ಮರ್ಯಾದೆಯೂ ಹೆಚ್ಚು. ಬಾರಗೀರ ಏರುತ್ತಿದ್ದದ್ದು ಸರ್ಕಾರದ ಅಥವಾ ಸರದಾರನ ಕುದುರೆ. ಶಿಲೇದಾರನ ಕುದುರೆ ಸತ್ತರೆ ಆತನ ಬದುಕೇ ಕುಸಿಯಿತು. ಹಾಗಾಗಿ ಆತ ಕುದುರೆಯನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಿದ್ದ. ಒಳ್ಳೆಯ ಕುದುರೆಗಳು ಇರಾನ್, ಅರೇಬಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. 1470ರ ಸುಮಾರಿಗೆ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಮಾರಲೆಂದು ಒಂದು ಕುದುರೆ ತಂದಿದ್ದ. ನನ್ನ ಲೋಕದಲ್ಲೂ ಯಂತ್ರಗಳು ಅಲ್ಲಿ ತಯಾರಾಗುವುದಿಲ್ಲ, ದೂರದಿಂದ ಬರಬೇಕು. ಪಡೆಯಲ್ಲಿ ಅರ್ಧ ಜನ ಶಿಲೇದಾರರು, ಉಳಿದವರು ಬಾರಗೀರರು.

ಮೊದಲ ಅಧ್ಯಾಯದಲ್ಲಿ ಪಡೆ ಸಂಬಳ ಕೊಡುವ ಧಣಿಗಳೊಂದಿಗೆ ಮಾಡಿಕೊಂಡ ಕರಾರಿನ ಬಗ್ಗೆ ಒಂದು ಸೇರ್ಪಡೆ: ಪ್ರಾಕ್ಸಿಮಾದ ಸುತ್ತ 2016ರಲ್ಲಿ ಪತ್ತೆಯಾದ ಗ್ರಹಕ್ಕೆ ನಕ್ಷತ್ರವನ್ನು ಸುತ್ತಲು ಬೇಕಾಗುವುದು ಸುಮಾರು 11.2 ದಿನ ಅಷ್ಟೇ. ಅಲ್ಲಿನ ಹತ್ತು ವರ್ಷ ಅಂದರೆ ನಮ್ಮ ನಾಲ್ಕು ತಿಂಗಳೂ ಇಲ್ಲ. ಆದ್ದರಿಂದ ಕರಾರಿನಲ್ಲಿ ಸಂಬಳ ಭೂಮಿಯ ದಿನಗಳ ಲೆಕ್ಕದಲ್ಲೇ ಎಂದು ಬರೆಸಿದ್ದೇನೆ.

ಎರಡನೇ ಅಧ್ಯಾಯ ನಿಂತಿರುವುದು ಒಂದು ಪತ್ರದ ಮೇಲೆ. ಧಣಿಗಳು ಇರುವುದು ಭೂಮಿಯಲ್ಲಿ. ನಡುವಿನ ದೂರ 4.24 ಜ್ಯೋತಿರ್ವರ್ಷ, ಅಪ್ಪಣೆ ತಲುಪಲು ನಾಲ್ಕು ವರ್ಷ ದಾಟುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಬರಲು ಎಂಟೂವರೆ ವರ್ಷ. ಒಂದು ದಿನ ಸರಿಯಾದ ಮುದ್ರೆಯೊಂದಿಗೆ ಅಪ್ಪಣೆ ಬರುತ್ತದೆ: ಪಡೆಯ ದಳವಾಯಿ ದ್ರೋಹಿ, ಆಕೆಯನ್ನು ಕೊಲ್ಲಿ. ಪತ್ರ ಸುಳ್ಳೆಂದು ಹಲವರಿಗೆ ಅನುಮಾನ. ಕೇಳಿ ತಿಳಿಯೋಣವೆಂದರೆ ಎಂಟೂವರೆ ವರ್ಷ ಕಾಯಬೇಕು.

ಬೀದರಿನವರಿಗೆ ಇದರ ಮೂಲ ಹೇಳಬೇಕಾಗಿಲ್ಲ. ಮಹಮೂದ್ ಗಾವಾನ್ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದವನು, 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದವನು. ಶತ್ರುಗಳು ಆತನ ಮುದ್ರೆಯ ಉಸ್ತುವಾರಿಯವನನ್ನು ತಮ್ಮ ಕಡೆಗೆ ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಆ ಕಾಗದದಲ್ಲಿ, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಆತ ಕರೆದಂತೆ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಸರಿಯಾದ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್‌ನಲ್ಲಿ ಗಾವಾನನ ತಲೆ ಹೋಯಿತು. ಸುಲ್ತಾನನ ಕೈಯಲ್ಲಿ ಪತ್ರವಿತ್ತು, ವಿಚಾರಿಸಿ ತಿಳಿಯುವುದಕ್ಕೆ ಆ ಮುದುಕ ಎದುರಿಗೇ ಇದ್ದ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದಖ್ಖನಿನ ಚರಿತ್ರೆ ಬರೆದ ಫಿರಿಶ್ತಾ ಹೇಳುವಂತೆ, ಸುಲ್ತಾನ ವಜೀರನ ಸಂಪತ್ತನ್ನು ಹುಡುಕಿಸಿದಾಗ ಎರಡು ಖಜಾನೆಗಳ ಲೆಕ್ಕ ಸಿಕ್ಕಿತು. ಒಂದು ಸೈನಿಕರಿಗೆ, ಆನೆ ಕುದುರೆಗಳಿಗೆ, ಇನ್ನೊಂದು ಬಡವರಿಗೆ. ಎರಡರಲ್ಲೂ ಹೇಳಿಕೊಳ್ಳುವಷ್ಟು ಹಣವಿರಲಿಲ್ಲ. ನನ್ನ ದಳವಾಯಿ ಸತ್ತ ಮೇಲೆಯೂ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಬಾರಗೀರರ ಸಂಬಳ ಧಣಿಯಿಂದ ಬರುವುದು ನಿಂತು ವರ್ಷಗಳೇ ಆಗಿವೆ, ಅಷ್ಟೂ ಕಾಲ ಆಕೆ ತನ್ನ ಪಾಲಿನಿಂದ ಕೊಟ್ಟಿದ್ದಾಳೆ ಎಂಬುದು ಆ ಹೊತ್ತಿಗೆ ಗೊತ್ತಾಗುತ್ತದೆ. ಈ ಪುಟ ಬರೆಯುವುದು ಅತಿ ಕಷ್ಟವಾಯಿತು. ಸಂಭಾಷಣೆ ಎಲ್ಲ ತೆಗೆದು ಬರೀ ಜಮಾ ಖರ್ಚಿನ ಸಾಲುಗಳನ್ನೇ ಇಟ್ಟಿದ್ದೇನೆ.

ಆಮೇಲೆ ಪಡೆ ಒಡೆಯುತ್ತದೆ. ಎಲ್ಲರೂ ಒಟ್ಟಿಗೆ ಹೊರಟುಹೋಗುತ್ತಾರೆ ಎಂಬುದು ನನ್ನ ಮೊದಲಿನ ಯೋಚನೆ. ಕಾಕಾನ ಮಗ, ಬಾರಗೀರರ ಕಡೆಯಿಂದ ಆಡುವವನು, ಕೇಳಿದ: “ಅಣ್ಣಾ, ಯಂತ್ರ ಧಣೀದು ಅಂದಮ್ಯಾಲ ನಾವು ಯಾವುದರ ಮ್ಯಾಲ ಕುಂತು ಹೋಗಬೇಕು?” ಆ ಪ್ರಶ್ನೆ ಕಥೆಯ ದಾರಿಯನ್ನೇ ತೋರಿಸಿತು. ಶಿಲೇದಾರರು ಹೊರಡುತ್ತಾರೆ, ಬಾರಗೀರರು ಸಿಟ್ಟು ನುಂಗಿ ಉಳಿಯುತ್ತಾರೆ. ಗಾವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಆದಿಲ್ ಖಾನ್ ಮುಂದೆ ವಿಜಯಪುರದಲ್ಲಿ ಸ್ವಂತ ರಾಜ್ಯ ಕಟ್ಟಿದ ಹಾಗೆ, ಹೊರಟವರಲ್ಲಿ ಒಬ್ಬ ಮುಂದೆ ದೊರೆಯಾಗುತ್ತಾನೆ.

ಇನ್ನು ಬಣ್ಣ. ಪಡೆಯ ಹೆಸರೇ ಹೇಳುವಂತೆ ಎಲ್ಲ ಬಿದ್ರಿಯ ಮಾದರಿ. ಬಿದ್ರಿಯ ಪಾತ್ರೆ ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಸತುವೇ ಬಹುಪಾಲು. ಬೀದರ್ ಕೋಟೆಯ ಮಣ್ಣಿಗೆ ನವಸಾಗರವೆಂಬ ಲವಣ ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಹಾಗೇ ಉಳಿಯುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಆ ಗುಣ ತರಬೇಕಿತ್ತು. ಚೌಬಾರಾ ಹತ್ತಿರದ ಬಿದ್ರಿ ಕೆಲಸದ ಚಾಚಾ ಒಬ್ಬರಿಗೆ ಒಂದು ಯಂತ್ರ ತೋರಿಸಿದೆ. ತಿರುಗಿಸಿ ನೋಡಿ, “ಕಪ್ಪು ಹೊಳೀಬಾರ್ದು ಬೇಟಾ, ಕಪ್ಪು ಮಂಕಿದ್ದರೇನೇ ಬೆಳ್ಳಿ ಎದ್ದು ಕಾಣ್ತದ” ಅಂದರು. ಈಗ ಕಪ್ಪಿನ ಮೇಲೆ ಹೊಳಪಿಲ್ಲದ ವಾರ್ನಿಷ್, ಬೆಳ್ಳಿ ಗೆರೆಗಳ ಮೇಲೆ ಮಾತ್ರ ಹೊಳೆಯುವ ವಾರ್ನಿಷ್. ತಾರ್ಕಶಿಯ, ಅಂದರೆ ಬಿದ್ರಿಯಲ್ಲಿ ಬೆಳ್ಳಿ ತಂತಿ ಕೂರಿಸುವ ಕೆಲಸದ, ಸಣ್ಣ ತಂತಿಯಂತೆ ಕಾಣುವ ಗೆರೆಗೆ ಅತಿ ಸಪೂರ ಕುಂಚವೇ ಬೇಕು, ಬಣ್ಣ ತೆಳ್ಳಗಿರಬೇಕು.

ಬೆಳ್ಳಿ ಬಳ್ಳಿ ಇರುವುದು ಶಿಲೇದಾರರ ಯಂತ್ರಗಳಿಗೆ ಮಾತ್ರ. ಬಾರಗೀರರದು ಬರಿ ಕಪ್ಪು. ಮೇಜಿನ ಮೇಲೆ ಎರಡೂ ಸಾಲು ನಿಲ್ಲಿಸಿದರೆ ಯಾರು ಹೋಗಬಲ್ಲರು, ಯಾರು ಉಳಿಯಲೇಬೇಕು ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೂರನೇ ಅಧ್ಯಾಯ ಉಳಿದ ಬಾರಗೀರರದು. ಅದರ ಮುತ್ತಿಗೆಗೆ ಯಾದಗಿರಿ ಜಿಲ್ಲೆಯ ವಾಗಣಗೇರಾವನ್ನು ಮಾದರಿ ಮಾಡಿಕೊಂಡಿದ್ದೇನೆ. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ಬೇಡ ನಾಯಕರ ಆ ಕೋಟೆಗೆ ಮುತ್ತಿಗೆ ಹಾಕಿದ. ಕೊನೆಗೆ ಕೋಟೆ ಕೈಗೆ ಬಂತು, ನಾಯಕ ಮಾತ್ರ ಸಿಗಲಿಲ್ಲ. ಆತ ಅಷ್ಟರಲ್ಲಿ ತಪ್ಪಿಸಿಕೊಂಡಿದ್ದ. ಬೆಟ್ಟದ ಇಳಿಜಾರು ಹೇಗಿದೆ, ಬಂದೂಕಿನವರು ಎಲ್ಲಿ ಕೂತರೆ ಎಷ್ಟು ದಾರಿ ಕಾಣುತ್ತದೆ ಎಂದು ಅಲ್ಲಿಗೇ ಹೋಗಿ ನೋಡಿ, ಆಮೇಲೆ ಥರ್ಮೋಕೋಲಿನಲ್ಲಿ ಗುಡ್ಡ ಕತ್ತರಿಸಬೇಕು. ಮಳೆ ನಿಂತ ಮೇಲೆ ಹೋಗುವುದೆಂದು ತಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ.