ಪದ್ಮಿನಿಗೆ ಮನೆಯಲ್ಲೇ ಫೈಬರ್ ಸ್ಪಾಯ್ಲರ್: ಇಲ್ಲಿಯವರೆಗೆ ಆದ ಕೆಲಸ

ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿಗೆ ಮುಂದಿನ ಸ್ಪಾಯ್ಲರ್ (ಬಂಪರಿನ ಕೆಳಗೆ ಗಾಳಿಗೆ ಅಡ್ಡ ನಿಲ್ಲುವ ಪಟ್ಟಿ) ಮಾಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಆದಷ್ಟನ್ನು ಬರೆದಿಡುತ್ತಿದ್ದೇನೆ. ಕೆಲಸದ ಜಾಗ ಚಿಕ್ಕಮಗಳೂರು, ಮನೆ ಹಿಂದೆ ಕಾಫಿ ಕಣದ ಪಕ್ಕದ ಶೆಡ್ಡು.

ಶುರು ಮಾಡುವ ಮೊದಲೇ ಒಂದು ಷರತ್ತು ಹಾಕಿಕೊಂಡಿದ್ದೆ. ಕಾರಿನ ತಗಡಿಗೆ ಒಂದೇ ಒಂದು ಹೊಸ ತೂತು ಬೀಳಬಾರದು. ಕ್ರೋಮ್ ಬಂಪರ್ ಇದ್ದ ಜಾಗದಲ್ಲೇ ಇರಬೇಕು. ನಾಳೆ ಬೇಡ ಅನ್ನಿಸಿದರೆ ಸ್ಪ್ಯಾನರ್ ಹಿಡಿದು ಬಿಚ್ಚಿಟ್ಟುಬಿಡಬೇಕು, ಗುರುತೂ ಉಳಿಯಬಾರದು. ಈ ಕಾರು ಬರೋದು ನಿಂತು ಎರಡು ದಶಕ ದಾಟಿದೆ. ಒಳ್ಳೆ ತಗಡು ಈಗ ಹುಡುಕಿದರೂ ಸಿಗೋದು ಕಷ್ಟ. ಫೈಬರ್ ಒಡೆದರೆ ಇನ್ನೊಂದು ಮಾಡಬಹುದು, ತಗಡು ಹಾಗಲ್ಲ. ಮುಂದಿನ ಪ್ರತಿಯೊಂದು ತೀರ್ಮಾನವೂ ಇದರ ಮೇಲೇ ನಿಂತಿತು.

ಸ್ಪಾಯ್ಲರ್ ಯಾಕೆ

ಕಾರು ಓಡುವಾಗ ಎದುರಿನ ಗಾಳಿಯಲ್ಲಿ ಒಂದು ಪಾಲು ಬಂಪರಿನ ಕೆಳಗೆ ನುಗ್ಗುತ್ತದೆ. ಹಳೇ ಕಾರುಗಳ ಅಡಿಭಾಗ ಪೂರ್ತಿ ಬಯಲು. ಸೈಲೆನ್ಸರ್ ಪೈಪು, ಗೇರ್‌ಬಾಕ್ಸ್, ಆಕ್ಸಲ್, ಪಟ್ಟೆ ಸ್ಪ್ರಿಂಗು ಎಲ್ಲಕ್ಕೂ ಬಡಿದುಕೊಂಡೇ ಗಾಳಿ ಹಿಂದಕ್ಕೆ ಹೋಗಬೇಕು. ಅದರಿಂದ ಎಳೆತ ಜಾಸ್ತಿ ಆಗುತ್ತದೆ, ಮೂತಿ ಸ್ವಲ್ಪ ಮೇಲಕ್ಕೂ ಏಳುತ್ತದೆ. ಬಂಪರಿನ ಕೆಳಗೆ ಒಂದು ಅಡ್ಡ ಕೊಟ್ಟರೆ ಕೆಳಗೆ ಹೋಗುವ ಗಾಳಿ ಕಮ್ಮಿಯಾಗುತ್ತದೆ, ಅದರ ಹಿಂದೆ ಒತ್ತಡವೂ ಇಳಿಯುತ್ತದೆ. ರೇಡಿಯೇಟರ್ ಮೂಲಕ ಬಂದ ಬಿಸಿ ಗಾಳಿ ಇಂಜಿನ್ ಕೆಳಗಿನಿಂದ ಸಲೀಸಾಗಿ ಹೊರಗೆ ಹೋಗುತ್ತದೆ.

ಆದರೆ ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 40ರಲ್ಲಿ ಇದ್ದದ್ದು 80ರಲ್ಲಿ ನಾಲ್ಕು ಪಟ್ಟು. ಕೈಮರ ದಾಟಿ ಗಿರಿ ಹತ್ತುವಾಗ ಎರಡನೇ ಗೇರಿನಲ್ಲಿ ಇದರಿಂದ ಏನೂ ಆಗೋದಿಲ್ಲ. ಕಡೂರು ರಸ್ತೆಯಲ್ಲಿ ಬಿಟ್ಟಾಗ ಒಂದಿಷ್ಟು ಗೊತ್ತಾಗಬಹುದು, ಅಷ್ಟೇ. 1089 ಸಿಸಿ, ಸುಮಾರು 40 ಹಾರ್ಸ್‌ಪವರಿನ ಇಂಜಿನ್ ಇದು.

ನನಗೆ ಬೇಕಿದ್ದದ್ದು ಆ ಕಾಲದ ಚೆಂದ. 1973ರ ಬಿಎಂಡಬ್ಲ್ಯು 2002 ಟರ್ಬೋ ಮುಂದೆ ಆಳವಾದ ಸ್ಪಾಯ್ಲರ್ ಇತ್ತು, ಮುಂದಿನ ಗಾಡಿಯವನ ಕನ್ನಡಿಯಲ್ಲಿ ಓದಿಸಿಕೊಳ್ಳಲಿ ಅಂತ ಅದರ ಮೇಲೆ ಹೆಸರನ್ನು ಉಲ್ಟಾ ಬರೆದಿದ್ದರು. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ನಮ್ಮ ಫಿಯಟ್‌ಗಳೂ ರೇಸ್ ಓಡಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ನಮ್ಮೂರಿನ ತೋಟದ ದಾರಿಗಳಲ್ಲೇ ನಡೆದಿದೆ. ಇನ್ನು ಫೈಬರ್ ಅಂದರೆ ಮೂಗು ಮುರಿಯುವವರು ಸಿಪಾನಿ ಡಾಲ್ಫಿನ್ ನೆನಪು ಮಾಡಿಕೊಳ್ಳಬೇಕು. ಬೆಂಗಳೂರಿನವರು 1980ರ ದಶಕದಲ್ಲಿ ಮಾಡಿದ ಆ ಪುಟ್ಟ ಕಾರಿನ ಬಾಡಿ ಫೈಬರಿನದೇ, ಅದೂ ರ‍್ಯಾಲಿ ಓಡಿತ್ತು.

ಜನವರಿ: ರಟ್ಟು ಮತ್ತು ದಾರ

ಶೆಡ್ಡಿನಲ್ಲಿ ಕಾಫಿ ಮೂಟೆ ಇದ್ದಾಗ ಬೇರೆ ಕೆಲಸ ಆಗುತ್ತಿರಲಿಲ್ಲ, ಅಳತೆ ಮಾತ್ರ ತೆಗೆದುಕೊಂಡೆ. ಚಿತ್ರ ನೋಡಿ ಆಕಾರ ಆರಿಸುವ ಆಸೆ ಎಲ್ಲರಿಗೂ ಇರುತ್ತದೆ. ಇಲ್ಲಿ ಆಕಾರ ಹೇಳುವುದು ರಸ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂಥದ್ದಾದರೆ ಯಾವ ಕಾರೂ ಆರಾಮಾಗಿ ದಾಟುತ್ತದೆ. ನಮ್ಮ ಬೀದಿಗಳಲ್ಲಿ ಇರೋದು ಅಂಗೈ ಅಗಲದ ದಿಣ್ಣೆಗಳು. ತೋಟದ ದಾರಿಯ ನಡುವೆ ಹುಲ್ಲು ಬೆಳೆದ ಉಬ್ಬು ಬೇರೆ.

ಮುಂದಿನ ಟೈರು ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳಗಿನವರೆಗೆ ದಾರ ಎಳೆದು ಕಟ್ಟಿದೆ. ಆ ದಾರಕ್ಕಿಂತ ಕೆಳಗೆ ಏನು ಇಳಿದರೂ ಏರು ಶುರುವಾಗುವಲ್ಲಿ ತಗಲುತ್ತದೆ. ಇನ್ನೊಂದು ದಾರವನ್ನು ನಮ್ಮ ಗೇಟಿನ ಇಳಿಜಾರಿಗೆ ಸರಿಯಾಗಿ ಕಟ್ಟಿದೆ. ಎರಡರಲ್ಲಿ ಮೇಲಿದ್ದದ್ದನ್ನೇ ಗಡಿ ಅಂತ ಇಟ್ಟುಕೊಂಡೆ. ಹಾಗಾಗಿ ನನ್ನ ಸ್ಪಾಯ್ಲರ್ ಆಳವಾದದ್ದಲ್ಲ. ಕೊನೆಯ ಒಂದು ಇಂಚು ಫೈಬರೂ ಅಲ್ಲ, ರಬ್ಬರ್ ಪಟ್ಟಿ. ಉಜ್ಜಿದರೆ ಅದು ಮಡಚಿಕೊಳ್ಳಲಿ ಅಂತ.

ರಟ್ಟಿನಲ್ಲಿ ಅರ್ಧ ಆಕಾರ ಕತ್ತರಿಸಿ, ಮಗುಚಿ ಇನ್ನೊಂದು ಪಕ್ಕಕ್ಕೆ ಹಿಡಿದೆ. ಕೂರಲಿಲ್ಲ. ಎಡಗಡೆ ಮಡ್‌ಗಾರ್ಡಿಗೆ ಯಾವತ್ತೋ ಟಿಂಕರಿಂಗ್ ಆಗಿದೆ. ಬೆರಳಿನಲ್ಲಿ ಸವರಿದರೆ ಅಂಚಿನ ಮಡಿಕೆ ಅಲ್ಲಿ ದಪ್ಪ ಇರೋದು ಗೊತ್ತಾಗುತ್ತದೆ. ಹಳೇ ಕಾರಿನ ಎರಡು ಪಕ್ಕ ಒಂದೇ ಅಂತ ನಂಬಬೇಡಿ, ಎರಡನ್ನೂ ಬೇರೆ ಬೇರೆ ಅಳೆಯಿರಿ. ಮೇಲಿನ ಅಂಚನ್ನು ತಗಡಿಗೆ ತಕ್ಕಂತೆ ಬೇರೆ ಬೇರೆ ಮಾಡಿ, ಕಣ್ಣಿಗೆ ಕಾಣುವ ಕೆಳಗಿನ ಅಂಚನ್ನು ಮಾತ್ರ ಸಮ ಇಟ್ಟೆ.

ಫೆಬ್ರವರಿ: ಮೂಲ ಮಾದರಿ

ಮೊದಲು ಸ್ಪಾಯ್ಲರಿನ ಆಕಾರದ ಮಾದರಿ, ಅದರಿಂದ ಅಚ್ಚು, ಅಚ್ಚಿನಿಂದ ಫೈಬರ್ ತುಂಡು. ಮಾದರಿಗೆ ಥರ್ಮಾಕೋಲ್ ಸುಲಭ ಅಂತ ತುಂಬ ಜನ ಹೇಳಿದರು. ಫೈಬರಿನ ಎಳೆಗಳನ್ನು ಅಂಟಿಸಿ ಗಟ್ಟಿಯಾಗುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ. ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಹಾಗಾಗಿ ಪ್ಲೈವುಡ್ಡಿನ ಅಡ್ಡಪಟ್ಟಿಗಳನ್ನು ನಿಲ್ಲಿಸಿ, ಮೇಲೆ ಕೋಳಿ ಮೆಶ್ ಬಿಗಿದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದೆ. ಅದು ಪೂರ್ತಿ ಒಣಗುವವರೆಗೆ ಕಾಯಲೇಬೇಕು. ಒಳಗೆ ನೀರಿನ ಪಸೆ ಉಳಿದರೆ ಮೇಲಿನ ಪದರ ಸರಿಯಾಗಿ ಗಟ್ಟಿಯಾಗೋದಿಲ್ಲ. ಒಣಗಿದ ಮೇಲೆ ಅರಗಿನ ಪಾಲಿಶ್ ಕೊಟ್ಟು ರಂಧ್ರ ಮುಚ್ಚಿ, ಬಾಡಿ ಪುಟ್ಟಿ ಎಳೆದು, ಉಜ್ಜುತ್ತಾ ಹೋದೆ. 120ರ ಕಾಗದದಿಂದ ಶುರು ಮಾಡಿ ಕೊನೆಗೆ 1000ದ ವಾಟರ್ ಪೇಪರ್.

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹೋದದ್ದು ಇಲ್ಲೇ. ಹೋಗಲೇಬೇಕು. ಮಾದರಿಯ ಮೇಲಿನ ಒಂದು ಗೀರು ಅಚ್ಚಿಗೆ ಬರುತ್ತದೆ, ಅಚ್ಚಿನಿಂದ ಪ್ರತಿ ತುಂಡಿಗೂ ಬರುತ್ತದೆ. ಕಣ್ಣನ್ನು ನಂಬಬಾರದು. ರಾತ್ರಿ ಟಾರ್ಚನ್ನು ಮೇಲ್ಮೈಗೆ ಅಡ್ಡಡ್ಡ ಹಿಡಿದರೆ ತಗ್ಗು ದಿಣ್ಣೆ ಎಲ್ಲ ನೆರಳು ಬೀಳಿಸಿ ಎದ್ದು ಕಾಣುತ್ತದೆ. ಪಕ್ಕದ ಗೋಡೆಗಳನ್ನು ನೇರ ನಿಲ್ಲಿಸದೆ ಸ್ವಲ್ಪ ಓರೆ ಇಟ್ಟಿದ್ದೇನೆ, ಇಲ್ಲದಿದ್ದರೆ ಅಚ್ಚಿನಿಂದ ತುಂಡು ಬಿಟ್ಟುಕೊಳ್ಳೋದಿಲ್ಲ.

ಆಕಾರದಲ್ಲಿ ಒಂದು ಬದಲಾವಣೆ ಇಲ್ಲಿ ಆಯಿತು. ಪದ್ಮಿನಿಗೆ ಮುಂದೆಯೂ ಡ್ರಮ್ ಬ್ರೇಕು. ಚಾರ್ಮಾಡಿ ಇಳಿಯುವಾಗ ಅವು ಎಷ್ಟು ಬಿಸಿಯಾಗುತ್ತವೆ ಅಂತ ಓಡಿಸಿದವರಿಗೆ ಗೊತ್ತು. ಅಡ್ಡ ಕಟ್ಟಿಬಿಟ್ಟರೆ ಅವಕ್ಕೆ ಹೋಗುವ ಗಾಳಿಯೂ ನಿಲ್ಲುತ್ತದೆ. ಅದಕ್ಕೇ ಎರಡೂ ಚಕ್ರದ ಮುಂದೆ ಒಂದೊಂದು ಅಡ್ಡ ಸೀಳು, ನಡುವೆ ರೇಡಿಯೇಟರಿನ ನೇರಕ್ಕೆ ದೊಡ್ಡ ಬಾಯಿ ಬಿಟ್ಟಿದ್ದೇನೆ.

ಶಿವರಾತ್ರಿ ಕಳೆದ ಮೇಲೆ: ಅಚ್ಚು

ಚಳಿ ಇರುವಾಗ ರೆಸಿನ್ ಕೆಲಸ ಬೇಡ. 15 ಡಿಗ್ರಿಗಿಂತ ಕೆಳಗೆ ಅದು ತುಂಬ ನಿಧಾನ, ಕೆಲವು ಸಲ ಅಂಟಂಟಾಗಿಯೇ ಉಳಿಯುತ್ತದೆ. ಮಳೆಗಾಲದ ತೇವವೂ ಆಗಿಬರೋದಿಲ್ಲ. ನಮ್ಮ ಕಡೆ ಚಳಿ ಬಿಟ್ಟು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ನಡುವಿನ ಒಣ ದಿನಗಳೇ ಇದಕ್ಕೆ ಸರಿ. ಕಣವೂ ಅಷ್ಟೊತ್ತಿಗೆ ಖಾಲಿ.

ಮಾದರಿಗೆ ಮೇಣದ ಪಾಲಿಶ್ ಹಲವು ಸಲ ಹಚ್ಚಿ ಹೊಳಪು ಬರಿಸಿ, ಮೇಲೆ ಪಿವಿಎ (ಅಚ್ಚು ಅಂಟಿಕೊಳ್ಳದಂತೆ ತೆಳು ಪೊರೆಯಾಗುವ ದ್ರಾವಣ) ಬಳಿದು ಒಣಗಿಸಿದೆ. ಆಮೇಲೆ ಜೆಲ್‌ಕೋಟ್, ಅಂದರೆ ಹೊರಮೈ ಆಗುವ ದಪ್ಪ ರೆಸಿನ್ ಪದರ. ಅರ್ಧ ಮಿಲಿಮೀಟರ್ ದಪ್ಪ ಸಾಕು. ಅದರ ಮೇಲೆ ರೆಸಿನ್‌ನಲ್ಲಿ ನೆನೆಸಿದ ಗಾಜಿನ ಎಳೆಯ ಮ್ಯಾಟ್ ಪದರಗಳು. ಅಚ್ಚು ತುಂಡಿಗಿಂತ ಎರಡು ಪಟ್ಟು ದಪ್ಪ ಇರಬೇಕು. ಹಿಂದೆ ಪ್ಲೈವುಡ್ ಪಟ್ಟಿ ಅಂಟಿಸಿ ಬಿಗಿ ಮಾಡಿದೆ, ಇಲ್ಲದಿದ್ದರೆ ಇಷ್ಟು ಉದ್ದದ ಅಚ್ಚು ತಿರುಚಿಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ. ಗಟ್ಟಿಯಾಗೋದನ್ನು ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್, ಗಟ್ಟಿ ಮಾಡುವ, ನೀರಿನ ಹಾಗಿರುವ ಎಂಇಕೆಪಿ ಹಾರ್ಡನರ್. ಇವೆರಡನ್ನು ನೇರವಾಗಿ ಸೇರಿಸಲೇಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಕಿ. ಕೆಲಸ ಶುರು ಮಾಡುವ ಹೊತ್ತಿಗೆ ಮಾತ್ರ ಹಾರ್ಡನರ್, ತೂಕದ ಲೆಕ್ಕದಲ್ಲಿ ನೂರಕ್ಕೆ ಒಂದರಿಂದ ಎರಡು. ಅರ್ಧ ಕೆಜಿ ರೆಸಿನ್‌ಗೆ ಒಂದೂವರೆ ಪರ್ಸೆಂಟ್ ಅಂದರೆ 7.5 ಗ್ರಾಂ. ಅಂದಾಜಿನಲ್ಲಿ ಸುರಿಯೋದು ಬೇಡ. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಹಾಕಿಯೇ ಮುಟ್ಟಿ. ಬಟ್ಟೆ ಮಾಸ್ಕ್ ಸ್ಟೈರೀನ್ ಆವಿಯನ್ನು ತಡೆಯೋದಿಲ್ಲ, ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಿಕ್ಕ ರೆಸಿನ್ ಮಗ್ಗಿನಲ್ಲೇ ಉಳಿದರೆ ಕಾದು ಹೊಗೆಯಾಡುತ್ತದೆ, ಅಗಲ ತಟ್ಟೆಗೆ ತೆಳ್ಳಗೆ ಸುರಿದುಬಿಡಿ.

ಯುಗಾದಿ ಹತ್ತಿರ: ಮೊದಲ ತುಂಡು

ಅಚ್ಚಿಗೆ ಮತ್ತೆ ಮೇಣ, ಪಿವಿಎ, ಕಪ್ಪು ಬಣ್ಣ ಬೆರೆಸಿದ ಜೆಲ್‌ಕೋಟ್. ಬೆರಳು ಮುಟ್ಟಿಸಿದರೆ ಅಂಟಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು. ಆ ಹದಕ್ಕೆ ಬಂದಾಗ ಮೊದಲ ಮ್ಯಾಟ್. ಮೊದಲನೆಯದು ಚದರ ಮೀಟರಿಗೆ 300 ಗ್ರಾಮಿನ ತೆಳು ಮ್ಯಾಟ್, ಮೂಲೆಗಳಲ್ಲಿ ಚೆನ್ನಾಗಿ ಬಗ್ಗುತ್ತದೆ. ಮೇಲೆ 450ರದು ಎರಡು. ಒಟ್ಟು ಮೂರು ಮಿಲಿಮೀಟರ್ ಹತ್ತಿರ ಬಂತು.

ಮ್ಯಾಟನ್ನು ಕತ್ತರಿಯಲ್ಲಿ ಕತ್ತರಿಸುವ ಬದಲು ಅಂಚನ್ನು ಕೈಯಲ್ಲೇ ಹರಿದೆ. ಹರಿದ ಅಂಚಿನ ಎಳೆಗಳು ಪಕ್ಕದ ತುಂಡಿನೊಳಗೆ ಬೆರೆತುಹೋಗುತ್ತವೆ, ಜೋಡಣೆಯ ಗೆರೆ ಏಳೋದಿಲ್ಲ. ಬ್ರಶ್ ಎಳೆಯಬಾರದು, ಕುಟ್ಟಬೇಕು. ಎಳೆದರೆ ಎಳೆಗಳು ಬ್ರಶ್ಶಿನ ಜೊತೆಗೇ ಬರುತ್ತವೆ. ಕುಟ್ಟುತ್ತಾ ಇದ್ದರೆ ಬೆಳ್ಳಗಿದ್ದ ಮ್ಯಾಟ್ ಕೆಲವೇ ಕ್ಷಣದಲ್ಲಿ ಮಾಯವಾದಂತೆ ಪಾರದರ್ಶಕವಾಗಿ, ಕೆಳಗಿನ ಕಪ್ಪು ಕಾಣತೊಡಗುತ್ತದೆ. ಇನ್ನೂ ಬೆಳ್ಳಗೆ ಉಳಿದ ಚುಕ್ಕೆ ಅಂದರೆ ಅಲ್ಲಿ ಗಾಳಿ ಇದೆ. ಕಬ್ಬಿಣದ ಹಲ್ಲಿನ ರೋಲರ್ ಅದರ ಮೇಲೆ ಓಡಿಸಿದರೆ ಚಿಟಚಿಟ ಸದ್ದು ಮಾಡಿ ಒಡೆಯುತ್ತದೆ. ರೆಸಿನ್ ಜಾಸ್ತಿ ಸುರಿದರೆ ಗಟ್ಟಿ ಅಂತ ಅಂದುಕೊಳ್ಳೋದು ಸರಿಯಲ್ಲ. ಬಲ ಇರೋದು ಗಾಜಿನ ಎಳೆಯಲ್ಲಿ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು, ಅದಕ್ಕಿಂತ ಜಾಸ್ತಿ ಆದರೆ ಭಾರವೂ ಹೆಚ್ಚು, ಬಿರುಕೂ ಹೆಚ್ಚು. ಬೋಲ್ಟ್ ಬರುವ ಕಡೆ ನೇಯ್ದ ಗ್ಲಾಸ್ ಬಟ್ಟೆಯನ್ನು ಹೆಚ್ಚುವರಿಯಾಗಿ ಕೊಟ್ಟೆ.

ಪೂರ್ತಿ ಗಟ್ಟಿಯಾಗುವ ಮೊದಲು, ಬಾಗಿದರೂ ಮುರಿಯದ ಹದದಲ್ಲಿ ಅಂಚನ್ನು ಚಾಕುವಿನಲ್ಲಿ ಕೊಯ್ದುಬಿಟ್ಟರೆ ಆಮೇಲೆ ಗ್ರೈಂಡರ್ ಹಿಡಿಯುವ, ಮೈಯೆಲ್ಲ ತುರಿಸಿಕೊಳ್ಳುವ ಕಷ್ಟ ಅರ್ಧ ತಪ್ಪುತ್ತದೆ.

ಮಾರನೇ ದಿನ ಬಿಡಿಸಿದ್ದು. ಸುತ್ತಲೂ ಮರದ ಸಣ್ಣ ಬೆಣೆ ಸಿಕ್ಕಿಸಿ, ಸಂದಿಗೆ ನೀರು ಬಿಟ್ಟೆ. ಪಿವಿಎ ನೀರಿನಲ್ಲಿ ಕರಗುತ್ತದೆ. ಅಂಗೈಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋದಾಗ ಒಂದು ತುದಿಯಿಂದ ಟಕ್ ಟಕ್ ಅಂತ ಬಿಟ್ಟುಕೊಂಡು ಬಂತು. ಹೊಳೆಯುವ ಕಪ್ಪು ಮೈ, ಒಂದು ಗುಳ್ಳೆಯಿಲ್ಲ. ಆ ಸಂತೋಷಕ್ಕೆ ಆ ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ.

ಈಗ: ಕೂರಿಸುವುದು

ದೊಡ್ಡಪ್ಪ ಬಂದು ನೋಡಿ, "ಬಂಪರ್ ಬಿಚ್ಚಿದ್ಯೇನೋ ಮಗಾ?" ಅಂತ ಮೊದಲು ಕೇಳಿದರು. "ಇಲ್ಲ ದೊಡ್ಡಪ್ಪ, ಅದರ ಬೋಲ್ಟಿಗೇ ನೇತಾಕಿದ್ದೀನಿ" ಅಂದೆ. ಬಗ್ಗಿ ಕೆಳಗಿನಿಂದ ನೋಡಿ, "ಸರಿ, ಚೆನ್ನಾಗೈತೆ" ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಸಾಕು.

ಬಂಪರ್ ಬ್ರಾಕೆಟ್ಟಿನ ಹಳೇ ಬೋಲ್ಟುಗಳಿಗೆ ಎರಡು ಕಬ್ಬಿಣದ ಪಟ್ಟಿ ಸೇರಿಸಿ, ಅವಕ್ಕೆ ಸ್ಪಾಯ್ಲರ್ ಬಿಗಿದಿದೆ. ಎರಡು ತುದಿಗಳು ಮಡ್‌ಗಾರ್ಡಿನ ಮಡಿಕೆಗೆ ರಬ್ಬರ್ ಹಾಕಿದ ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿವೆ. ಪಟ್ಟಿ ಮಾಡಿಕೊಟ್ಟ ಟಿಂಕರ್ ಅಣ್ಣನ ಸಲಹೆ ಒಂದು ಬಹಳ ಉಪಯೋಗಕ್ಕೆ ಬಂತು: "ತೂತು ಗುಂಡಗೆ ಬೇಡ, ಉದ್ದಕ್ಕೆ ಮಾಡು. ಬಾಡಿ ಆಡ್ತದೆ, ಫೈಬರ್ ಆಡಲ್ಲ." ಹಾಗೇ ಮಾಡಿ, ಅಗಲ ವಾಶರ್, ರಬ್ಬರ್ ವಾಶರ್ ಎರಡೂ ಕೊಟ್ಟು, ಬೋಲ್ಟನ್ನು ಹಿಡಿತಕ್ಕಷ್ಟೇ ಬಿಗಿದಿದ್ದೇನೆ. ತಗಡು ಮತ್ತು ಫೈಬರ್ ನಡುವೆ ಬೀಡಿಂಗ್ ಇದೆ, ಪೇಂಟ್ ಉಜ್ಜಿಹೋಗದ ಹಾಗೆ.

ಬಾಕಿ ಇರೋದು ಇಷ್ಟು. ಕೆಳಗಿನ ರಬ್ಬರ್ ಪಟ್ಟಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆಯಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆ ಬಗ್ಗೆ ಬಿಗಿಯಾಗಿದೆ. ಹಾಗಾಗಿ ರಸ್ತೆಗೆ ಇಳಿಸುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ತೋರಿಸಿ ಕೇಳುತ್ತೇನೆ. ಅವರು ಒಪ್ಪಿದರೆ ಮೊದಲ ಓಟ ಕಡೂರಿನವರೆಗೆ, ಉಷ್ಣಾಂಶದ ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡು. ಒಪ್ಪದಿದ್ದರೆ ತೋಟದ ದಾರಿಗೆ ಮಾತ್ರ. ಬೇಲೂರಿನ ಗೆಳೆಯರೊಬ್ಬರು ತಮ್ಮ ಫಿಯಟ್‌ಗೂ ಬೇಕು ಅಂದಿದ್ದಾರೆ. ಅಚ್ಚು ಗಟ್ಟಿಯಾಗೇ ಇದೆ, ಹೂಮಳೆಗೆ ಮುಂಚೆ ಇನ್ನೊಂದು ತುಂಡು ತೆಗೆಯಬೇಕು. ಅವರ ಕಾರಿನ ಮಡ್‌ಗಾರ್ಡ್ ಅಳತೆ ಬರಲಿ ಅಂತ ಕಾಯುತ್ತಿದ್ದೇನೆ.