ನೋವಿಲ್ಲದೆ ನೀರು ಹೋದಾಗ

6 ಆಗಸ್ಟ್ 2025, ಬುಧವಾರ, ಕೊಪ್ಪಳ

ಕಾರಟಗಿ ಕಡೆಯಿಂದ ನಿನ್ನೆ ಸಂಜೆ ಬಂದ ಹುಡುಗಿಗೆ 30 ವಾರ. ಚೊಚ್ಚಲ ಬಸುರಿ. ಸೋಮವಾರ ಬೆಳಿಗ್ಗೆಯೇ ನೀರು ಹೋಗಲು ಶುರುವಾಗಿತ್ತಂತೆ. ನೋವು ಇರಲಿಲ್ಲ, ಉಚ್ಚೆ ಇರಬೇಕು ಅಂದುಕೊಂಡರು. ನಾಟಿ ಕೆಲಸ ಬೇರೆ ಜೋರಾಗಿತ್ತು. ಕೊನೆಗೆ ಆಶಾ ಅಕ್ಕನಿಗೆ ಗೊತ್ತಾಗಿ 108ಕ್ಕೆ ಫೋನ್ ಮಾಡಿದ್ದಾರೆ. ಆ ಅಕ್ಕ ಚೆನ್ನಾಗಿರಲಿ.

ಒಣ ಪ್ಯಾಡ್ ಇಟ್ಟು ಸ್ವಲ್ಪ ಹೊತ್ತು ಮಲಗಿಸಿದೆ. ಪ್ಯಾಡ್ ಪೂರ್ತಿ ಒದ್ದೆ. ಬಣ್ಣವಿಲ್ಲದ ನೀರು, ಉಚ್ಚೆ ವಾಸನೆ ಇಲ್ಲ. ಡಾಕ್ಟರ್ ಸ್ಪೆಕ್ಯುಲಮ್ (ಯೋನಿ ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ ಕೆಮ್ಮಲು ಹೇಳಿದರು. ಗರ್ಭಕೋಶದ ಬಾಯಿಂದ ನೀರು ಇಳಿಯುವುದು ಕಂಡಿತು. ಅಂದರೆ ಕೂಸಿನ ಸುತ್ತಲಿನ ನೀರಿನ ಚೀಲ ಒಡೆದಿದೆ.

"ಕೈ ಹಾಕಿ ನೋಡ್ರಿ, ಬಾಯಿ ಎಷ್ಟು ತೆರೆದೈತಿ ಹೇಳ್ರಿ" ಅಂತ ಅತ್ತೆ ಬೆನ್ನು ಹತ್ತಿದರು. ಹೆರಿಗೆ ನೋವು ಇಲ್ಲದಾಗ ಕೈ ಹಾಕಲೇಬಾರದು. ಕೈ ಹಾಕಿದಷ್ಟೂ ಸೋಂಕು ಒಳಗೆ ಹೋಗುತ್ತದೆ, ಹೆರಿಗೆಯೂ ಬೇಗ ಶುರುವಾಗುತ್ತದೆ. ಇದನ್ನು ನಾನು ಎಲ್ಲರಿಗೂ ಸಿಟ್ಟಿನಿಂದಲೇ ಹೇಳುತ್ತೇನೆ.

ಸೋಂಕು ತಡೆಯಲು ಎರಿತ್ರೋಮೈಸಿನ್ 250 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, 10 ದಿನ. ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್. "ಸೊಂಟಕ್ಕೆ ಚುಚ್ಚಿದರೆ ಕೂಸಿಗೆ ಏನಾಗ್ತೈತಿ?" ಅಂದರು ಅತ್ತೆ. ಅವರ ಮನೆಯಲ್ಲಿ ಕುರಿ ಇವೆ. ಹಾಗಾಗಿ ಲಿಗಿನ್ಸ್ ಕಥೆ ಹೇಳಿದೆ. ನ್ಯೂಜಿಲೆಂಡಿನ ಡಾಕ್ಟರ್. ಇದೇ ಜಾತಿಯ ಔಷಧಿ ಕೊಟ್ಟಾಗ ದಿನ ತುಂಬದ ಕುರಿಮರಿಗಳು ಉಸಿರಾಡಿದ್ದನ್ನು ನೋಡಿ, ಹೋವಿ ಎಂಬ ಡಾಕ್ಟರ್ ಜೊತೆ ಬಸುರಿಯರಿಗೆ ಕೊಟ್ಟು 1972ರಲ್ಲಿ ಬರೆದರು. ಈ ಇಂಜೆಕ್ಷನ್ ಕೂಸಿನ ಶ್ವಾಸಕೋಶ ಗಟ್ಟಿ ಮಾಡುತ್ತದೆ. ದಿನ ತುಂಬದ ಮರಿ ಹೇಗೆ ಏದುಸಿರು ಬಿಡುತ್ತದೆ ಅಂತ ಅತ್ತೆ ಕಣ್ಣಾರೆ ಕಂಡವರು. ಮತ್ತೆ ಪ್ರಶ್ನೆ ಕೇಳಲಿಲ್ಲ.

ಹುಡುಗಿಗೆ ಬೇರೆಯೇ ಭಯ, ನೀರೆಲ್ಲ ಹೋಗಿ ಕೂಸು ಒಣಗಿಬಿಟ್ಟರೆ? ಆ ನೀರು ಹೆಚ್ಚಾಗಿ ಕೂಸಿನ ಉಚ್ಚೆಯೇ ಅಲ್ವಾ, ಸೋರಿದರೂ ಹೊಸದು ಬರುತ್ತಲೇ ಇರುತ್ತದೆ ಅಂದೆ. ಮೊದಲ ಸಲ ನಕ್ಕಳು.

ಇವತ್ತು ರಾತ್ರಿ ಎಂಟಕ್ಕೆ ಮೂರನೇ ಇಂಜೆಕ್ಷನ್ ಆಯಿತು. ಜ್ವರವಿಲ್ಲ, ನಾಡಿ 84, ಕೂಸಿನ ಹೃದಯ ಬಡಿತ 146. ಪ್ಯಾಡ್ ಒದ್ದೆಯಿದೆ, ವಾಸನೆಯಿಲ್ಲ. ಜ್ವರ ಬಂದರೆ, ನಾಡಿ ಏರಿದರೆ, ನೀರು ನಾರಿದರೆ, ಹೊಟ್ಟೆ ಮುಟ್ಟಿದರೆ ನೋವಾದರೆ ಅದು ಸೋಂಕಿನ ಗುರುತು, ಕಾಯುವ ಮಾತೇ ಇಲ್ಲ, ಹೆರಿಗೆ ಮಾಡಿಸಲೇಬೇಕು. ಈಗಲೇ ಹೆರಿಗೆ ಆಗುವಂತಿದ್ದರೆ ಕೂಸಿನ ಮೆದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್ ರೆಡಿ ಇದೆ. ನವಜಾತ ಶಿಶು ಘಟಕಕ್ಕೂ ಹೇಳಿಟ್ಟಿದ್ದೇವೆ.

ಗಂಡ ಫೋನ್ ಮಾಡಿದ್ದ. "ಸುಮ್ನೆ ಮಲಗಿಸೋದಾದ್ರೆ ಮನೆಯಾಗ ಮಲಗ್ತಾಳ ಬಿಡ್ರಿ" ಅಂದ. ಸುಮ್ನೆ ಅಲ್ಲಪ್ಪ, ನಾಲ್ಕು ಗಂಟೆಗೊಮ್ಮೆ ನೋಡ್ತಿದ್ದೇವೆ, ಹೊಟ್ಟೆಯಲ್ಲಿ ಕಳೆದ ಒಂದೊಂದು ದಿನವೂ ಕೂಸಿಗೆ ಲಾಭ ಅಂದೆ. ಸೋಂಕು ಬರದಿದ್ದರೆ 34 ವಾರ ದಾಟಿಸಬೇಕು ಅನ್ನುವುದು ನಮ್ಮ ಆಸೆ. ನಾಳೆ ಬೆಳಿಗ್ಗೆ ಬರುತ್ತಾನಂತೆ. ಡಾಕ್ಟರ್ ಎದುರೇ ಕೂರಿಸಿ ಮಾತಾಡಿಸಬೇಕು.